ಫ್ಲಾಪಿಯ ಪಡಿಯಚ್ಚು

ನಮ್ಮ ಚಿಕ್ಕಪ್ಪ ಚನ್ನಗಿರಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದರು. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಶ್ರದ್ಧಾಂಜಲಿ ಕಾರ್ಡು, ಶಾಲೆಯ ವಾರ್ಷಿಕ ಸಂಚಿಕೆ, ಅಡಿಕೆಯವರ ಖೇಣಿ ಕರಾರು ಎಲ್ಲವೂ ಅಲ್ಲೇ ಕಂಪೋಸ್ ಆಗಿ, ಟ್ರೇಸಿಂಗ್ ಪೇಪರಿನ ಮೇಲೆ ಪ್ರಿಂಟಾಗಿ, ದಾವಣಗೆರೆಯ ಆಫ್‌ಸೆಟ್ ಪ್ರೆಸ್ಸಿಗೆ ಬಸ್ಸಿನಲ್ಲಿ ಹೋಗುತ್ತಿದ್ದವು. ಅಂಗಡಿ ಮುಚ್ಚಿ ಬಹಳ ವರ್ಷವಾಯಿತು. ಹೋದ ವರ್ಷ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದಿಂದ ಎರಡು ಡಬ್ಬಿ ಫ್ಲಾಪಿ ಇಳಿದವು. ಕೆಲವು ಲೇಬಲ್‌ಗಳ ಮೇಲೆ ಚಿಕ್ಕಪ್ಪನ ಕೈಬರಹದಲ್ಲಿ ‘ಚನ್ನಗಿರಿ, ಶಿವಮೊಗ್ಗ ಜಿಲ್ಲೆ’ ಎಂದಿತ್ತು. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗವನ್ನೂ, ಜಗಳೂರು ಚಿತ್ರದುರ್ಗವನ್ನೂ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರ ಆಗಸ್ಟ್‌ನಲ್ಲಿ, ನಮ್ಮದೇ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಆ ಫ್ಲಾಪಿಗಳು ಅದಕ್ಕೂ ಹಿಂದಿನವು.

ಒಂದರ ಮೇಲೆ ‘ಸೋಬಾನೆ, ಮೇಷ್ಟ್ರದ್ದು’ ಎಂದಿತ್ತು. ಸಂತೇಬೆನ್ನೂರು ಕಡೆಯ ಹಳ್ಳಿಗಳಲ್ಲಿ ಮೇಷ್ಟ್ರೊಬ್ಬರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳು ಅವು. ಕಂಪೋಸ್ ಮುಗಿದಿತ್ತು, ಕಾಗದಕ್ಕೆ ದುಡ್ಡು ಹೊಂದಲಿಲ್ಲ, ಪುಸ್ತಕ ಅಚ್ಚಾಗಲಿಲ್ಲ. ಮೇಷ್ಟ್ರು ಈಗ ಇಲ್ಲ, ಅವರ ನೋಟ್‌ಬುಕ್ಕೂ ಉಳಿದಿಲ್ಲ. ‘ಇದನ್ನ ಹೇಗಾದ್ರೂ ತೆಗಿಯೋಕೆ ಆಗುತ್ತಾ ನೋಡಪ್ಪ’ ಎಂದು ಚಿಕ್ಕಪ್ಪ ಡಬ್ಬಿಗಳನ್ನು ನನ್ನ ಕೈಗಿಟ್ಟರು. ಅಲ್ಲಿಂದ ಶುರುವಾದ ಓದು, ವಿಚಾರಣೆ, ಪ್ರಯೋಗಗಳ ಫಲ ಈ ಲೇಖನ. ಹಳೆಯ ಕಂಪ್ಯೂಟರಿನ ಡಿಸ್ಕ್ ಇಂದಿನ ಕಂಪ್ಯೂಟರಿಗೆ ಹೇಗೆ ದಾಟಬೇಕು, ಇಂದಿನದು ಹಳೆಯದಕ್ಕೆ ಹೇಗೆ ಮರಳಬೇಕು, ಈ ದಾಟುವಿಕೆಯಲ್ಲಿ ಕನ್ನಡದ ಪಾಡೇನು ಎಂಬುದು ಇಲ್ಲಿನ ಪ್ರಶ್ನೆ.

ನಾನು ಕಲಿತ ಮೊದಲ ಪಾಠ ಇದು: ಫೈಲ್ ಕಾಪಿ ಮಾಡುವುದು ಬೇರೆ, ಡಿಸ್ಕ್ ಇಮೇಜ್ ತೆಗೆಯುವುದು ಬೇರೆ. ಕಾಪಿ ಎಂದರೆ ಮನೆಯೊಳಗಿನ ಸಾಮಾನು ಸಾಗಿಸಿದಂತೆ. ಇಮೇಜ್ ಎಂದರೆ ಇಡೀ ಮನೆಯ ಪಡಿಯಚ್ಚು: ಗೋಡೆ, ಗೂಡು, ಬೀಗ ಹಾಕಿದ ಕೋಣೆ, ಖಾಲಿ ಇದೆ ಎಂದುಕೊಂಡ ಮೂಲೆ ಎಲ್ಲವೂ ಅದರಲ್ಲಿರುತ್ತವೆ. ನಮಗೆಲ್ಲ ಗೊತ್ತಿರುವ 3.5 ಇಂಚಿನ ಫ್ಲಾಪಿಯಲ್ಲಿ ಎರಡು ಮಗ್ಗುಲು, ಮಗ್ಗುಲಿಗೆ 80 ಟ್ರ್ಯಾಕ್, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಒಟ್ಟು 2,880 ಸೆಕ್ಟರ್, 14,74,560 ಬೈಟ್. ‘1.44 ಎಂಬಿ’ ಎಂದು ಹೆಸರಾದದ್ದು ಇದೇ. ಇಮೇಜ್ ಫೈಲಿನಲ್ಲಿ ಈ 2,880 ಸೆಕ್ಟರ್‌ಗಳೂ ಮೊದಲಿಂದ ಕೊನೆಯವರೆಗೆ ಇದ್ದ ಕ್ರಮದಲ್ಲೇ ಇರುತ್ತವೆ. ಡಿಲೀಟ್ ಆದ ಫೈಲಿನ ಅಕ್ಷರಗಳು ಡಿಸ್ಕಿನಿಂದ ತಕ್ಷಣ ಹೋಗುವುದಿಲ್ಲ. ಮತ್ತೊಂದು ಫೈಲ್ ಆ ಜಾಗಕ್ಕೆ ಬಂದು ಕೂರುವ ತನಕ ಅಲ್ಲೇ ಇರುತ್ತವೆ. ಇಮೇಜ್ ತೆಗೆದವರಿಗೆ ಅವೂ ಸಿಗುತ್ತವೆ, ಬರೀ ಕಾಪಿ ಮಾಡಿದವರಿಗೆ ಸಿಗುವುದಿಲ್ಲ. ಫೈಲಿನ ದಿನಾಂಕಗಳೂ ಇದ್ದಂತೆ ಉಳಿಯುತ್ತವೆ. ಚಿಕ್ಕಪ್ಪನ ಕೆಲವು ಫೈಲುಗಳ ದಿನಾಂಕ 1980ರ ಜನವರಿ 1 ಎಂದು ಬಂತು. ಅಂಗಡಿಯ ಹಳೆಯ ಸಿಸ್ಟಂನ ಬ್ಯಾಟರಿ ಸತ್ತು, ಗಡಿಯಾರ ತನ್ನ ಆದಿಗೆ ಹೋಗಿ ನಿಂತಿತ್ತು. ಆ ತಪ್ಪು ದಿನಾಂಕವೂ ಒಂದು ಸುಳಿವು: ಬ್ಯಾಟರಿ ಹೋಗಿದ್ದ ತಿಂಗಳುಗಳಲ್ಲಿ ಮಾಡಿದ ಕೆಲಸಗಳು ಯಾವುವು ಎಂದು ಅದರಿಂದಲೇ ಗುರುತಿಸಿದೆವು.

ಆದ್ದರಿಂದ ಮೊದಲು ಇಮೇಜ್, ಆಮೇಲೆ ಓದು. ಹಳೆಯ ಫ್ಲಾಪಿ ಪ್ರತಿ ಸಲ ತಿರುಗಿದಾಗಲೂ ಸ್ವಲ್ಪ ಸವೆಯುತ್ತದೆ. ಹತ್ತು ಸಲ ಹತ್ತು ಫೈಲ್ ತೆರೆದು ನೋಡುವ ಬದಲು ಒಂದೇ ಸಲ ಪೂರ್ತಿ ತೆಗೆದುಕೊಂಡು, ಆಮೇಲಿನ ಎಲ್ಲ ಕೆಲಸವನ್ನೂ ಆ ಪಡಿಯಚ್ಚಿನ ನಕಲಿನ ಮೇಲೆ ಮಾಡುವುದು ಸರಿಯಾದ ದಾರಿ.

ಡ್ರೈವ್ ಎಲ್ಲಿಂದ ತರುವುದು? 3.5 ಇಂಚಿನದಾದರೆ ಯುಎಸ್‌ಬಿ ಫ್ಲಾಪಿ ಡ್ರೈವ್ ಇನ್ನೂ ಸಿಗುತ್ತದೆ. ಸೋನಿ 1981ರಲ್ಲಿ ತಂದ ಗಾತ್ರ ಅದು. ಅದೇ ಸೋನಿ 2011ರ ಮಾರ್ಚ್‌ನಲ್ಲಿ ತನ್ನ ಫ್ಲಾಪಿ ಮಾರಾಟ ನಿಲ್ಲಿಸಿತು. ಯುಎಸ್‌ಬಿ ಡ್ರೈವ್‌ಗಳು ಸಾಮಾನ್ಯವಾಗಿ ಪಿಸಿಯಲ್ಲಿ ಫಾರ್ಮ್ಯಾಟ್ ಆದ 1.44 ಎಂಬಿ ಮತ್ತು 720 ಕೆಬಿ ಡಿಸ್ಕ್‌ಗಳನ್ನಷ್ಟೇ ಓದುತ್ತವೆ. ಹಳೆಯ ಮ್ಯಾಕಿಂಟಾಶ್‌ನ 800 ಕೆಬಿ ಫ್ಲಾಪಿಗೆ ಅವು ನಿರುಪಯೋಗಿ, ಏಕೆಂದರೆ ಆ ಡ್ರೈವ್ ಹೊರ ಟ್ರ್ಯಾಕಿಗೊಂದು ವೇಗ, ಒಳ ಟ್ರ್ಯಾಕಿಗೊಂದು ವೇಗದಲ್ಲಿ ತಿರುಗುತ್ತಿತ್ತು, ಬರೆಯುವ ಪದ್ಧತಿಯೂ ಬೇರೆ. ಮ್ಯಾಕ್‌ನಲ್ಲಿ ಪುಟ ಕಟ್ಟುತ್ತಿದ್ದ ಪ್ರೆಸ್ಸುಗಳವರು ಇದನ್ನು ನೆನಪಿಡಬೇಕು. ವಿಂಡೋಸ್ ‘ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಮಾಡಲೇ?’ ಎಂದು ಕೇಳಿದರೆ ಡಿಸ್ಕ್ ಖಾಲಿ ಎಂದು ತಿಳಿಯಬೇಡಿ. ಆ ಪ್ರಶ್ನೆಗೆ ‘ಹೌದು’ ಒತ್ತಿ ಎಷ್ಟು ಮನೆಗಳ ಲೆಕ್ಕಪತ್ರ ಅಳಿಸಿಹೋಗಿದೆಯೋ.

ಅದಕ್ಕೇ ಡ್ರೈವಿಗೆ ಹಾಕುವ ಮುನ್ನ, ಮೇಲೆ ಬರೆಯದಂತೆ ತಡೆಯುವ ಫ್ಲಾಪಿಯ ಬೀಗ ನೋಡಬೇಕು. ಇಲ್ಲಿ ಎರಡು ಗಾತ್ರಗಳ ನಿಯಮ ಒಂದಕ್ಕೊಂದು ತಿರುವುಮುರುವು. 3.5 ಇಂಚಿನದರಲ್ಲಿ ಮೂಲೆಯ ತೂತು ತೆರೆದು ಆಚೆಯ ಬೆಳಕು ಕಂಡರೆ ರಕ್ಷಣೆ ಇದೆ, ಮುಚ್ಚಿದ್ದರೆ ಇಲ್ಲ. 5.25 ಇಂಚಿನ ತೆಳು ಫ್ಲಾಪಿಯಲ್ಲಿ ಅಂಚಿನ ಕಚ್ಚಿಗೆ ಸ್ಟಿಕ್ಕರ್ ಅಂಟಿಸಿ ಮುಚ್ಚಿದರೆ ರಕ್ಷಣೆ, ತೆರೆದಿದ್ದರೆ ಇಲ್ಲ.

ಆ 5.25 ಇಂಚಿನದೇ ಹೆಚ್ಚು ಕಷ್ಟ. ಅದಕ್ಕೆ ನೇರವಾದ ಯುಎಸ್‌ಬಿ ಡ್ರೈವ್ ಅಂಗಡಿಯಲ್ಲಿ ಸಿಗುವುದಿಲ್ಲ. 360 ಕೆಬಿ ಫ್ಲಾಪಿಯಲ್ಲಿ ಮಗ್ಗುಲಿಗೆ 40 ಅಗಲ ಟ್ರ್ಯಾಕು; 1984ರಲ್ಲಿ ಐಬಿಎಂ ಪಿಸಿ ಎಟಿ ಜೊತೆ ಬಂದ 1.2 ಎಂಬಿ ಡ್ರೈವಿನಲ್ಲಿ 80 ಕಿರಿದಾದ ಟ್ರ್ಯಾಕು. ಕಿರಿದಾದ ಹೆಡ್ಡು ಅಗಲ ಟ್ರ್ಯಾಕನ್ನು ಓದಬಲ್ಲದು, ಆ ಕಡೆಯ ಪ್ರಯಾಣಕ್ಕೆ ಅಡ್ಡಿಯಿಲ್ಲ. ಆದರೆ ಅದೇ ಡ್ರೈವಿನಿಂದ ಹಳೆಯ 360 ಕೆಬಿ ಫ್ಲಾಪಿಗೆ ಬರೆದರೆ, ಅಗಲ ಸಾಲಿನ ನಡುವೆ ಸಣ್ಣ ಸಾಲು ಹೊಡೆದಂತಾಗಿ ಎರಡು ಅಂಚಿನಲ್ಲೂ ಹಳೆಯ ಬರಹ ಉಳಿಯುತ್ತದೆ. ಹಳೆಯ ಡ್ರೈವಿನ ಅಗಲ ಹೆಡ್ಡು ಹೊಸದನ್ನೂ ಹಳೆಯದನ್ನೂ ಒಟ್ಟಿಗೆ ಓದಿ ಕಂಗೆಡುತ್ತದೆ. 486 ಕಂಪ್ಯೂಟರುಗಳ ಕಾಲದಲ್ಲಿ ‘ನಮ್ಮ ಸಿಸ್ಟಂನಲ್ಲಿ ಓಪನ್ ಆಗುತ್ತೆ, ಅವರ ಸಿಸ್ಟಂನಲ್ಲಿ ಆಗಲ್ಲ’ ಎಂಬ ಜಗಳಗಳಿಗೆ ಇದೂ ಒಂದು ಕಾರಣವಾಗಿತ್ತು.

ಈ ಕ್ಷೇತ್ರದಲ್ಲಿ ದೊಡ್ಡ ಚರ್ಚೆ ಎಂದರೆ ಸೆಕ್ಟರ್ ಇಮೇಜ್ ಸಾಕೋ, ಫ್ಲಕ್ಸ್ ಇಮೇಜ್ ಬೇಕೋ ಎಂಬುದು. ಸೆಕ್ಟರ್ ಇಮೇಜ್‌ನಲ್ಲಿ ಡ್ರೈವಿನ ಎಲೆಕ್ಟ್ರಾನಿಕ್ಸ್ ಅರ್ಥಮಾಡಿಕೊಂಡು ಕೊಟ್ಟ ಬೈಟುಗಳು ಮಾತ್ರ ಸಿಗುತ್ತವೆ. ಅರ್ಥವಾಗದಿದ್ದರೆ ‘ಬ್ಯಾಡ್ ಸೆಕ್ಟರ್’ ಎಂದು ಕೈ ಚೆಲ್ಲುತ್ತದೆ. ಲಿನಕ್ಸ್‌ನ ಡಿಡಿ, ವಿಂಡೋಸ್‌ನ ವಿನ್‌ಇಮೇಜ್, ಡೇವ್ ಡನ್‌ಫೀಲ್ಡ್ ಬರೆದ, ಡಾಸ್‌ನಲ್ಲಿ ಓಡುವ ಇಮೇಜ್‌ಡಿಸ್ಕ್ ಈ ಬಗೆಯವು. ಫ್ಲಕ್ಸ್ ವಿಧಾನ ಇನ್ನೂ ಕೆಳಗಿಳಿಯುತ್ತದೆ. ಫ್ಲಾಪಿಯ ಕಾಂತದ ದಿಕ್ಕು ಎಲ್ಲೆಲ್ಲಿ ಬದಲಾಗುತ್ತದೋ ಅಲ್ಲಲ್ಲಿ ಹೆಡ್ಡಿನಲ್ಲಿ ಒಂದು ಮಿಡಿತ ಹುಟ್ಟುತ್ತದೆ. ಎರಡು ಮಿಡಿತಗಳ ನಡುವಿನ ಸಮಯವನ್ನು ಅಳೆದು ಅಳೆದು ಬರೆದಿಟ್ಟುಕೊಳ್ಳುವುದೇ ಫ್ಲಕ್ಸ್ ಇಮೇಜ್. ಅರ್ಥ ಮಾಡುವ ಕೆಲಸವನ್ನು ಆಮೇಲೆ ಸಾಫ್ಟ್‌ವೇರ್ ನಿಧಾನವಾಗಿ ಮಾಡುತ್ತದೆ. 3.5 ಇಂಚಿನ ಫ್ಲಾಪಿ ನಿಮಿಷಕ್ಕೆ 300 ಸುತ್ತು, ಅಂದರೆ ಸುತ್ತಿಗೆ 0.2 ಸೆಕೆಂಡ್; ಒಂದೊಂದು ಟ್ರ್ಯಾಕನ್ನೂ ಹಲವು ಸುತ್ತು ಓದಿಸಿ ಹೋಲಿಸಬಹುದು. ಕ್ರಯೋಫ್ಲಕ್ಸ್, ಸೂಪರ್‌ಕಾರ್ಡ್ ಪ್ರೊ, ಕೀರ್ ಫ್ರೇಸರ್ ರೂಪಿಸಿ ವಿನ್ಯಾಸವನ್ನೇ ಎಲ್ಲರಿಗೂ ತೆರೆದಿಟ್ಟಿರುವ ಗ್ರೀಸ್‌ವೀಸಲ್ ಎಂಬ ಪುಟ್ಟ ಬೋರ್ಡುಗಳು ಈ ಕೆಲಸಕ್ಕೆ ಇವೆ. ಹಳೆಯ ಪಿಸಿಯಿಂದ ಕಳಚಿದ ಡ್ರೈವಿನ 34 ಪಿನ್ನಿನ ಪಟ್ಟಿ ಕೇಬಲ್ ಬೋರ್ಡಿಗೆ, ಬೋರ್ಡಿನ ಯುಎಸ್‌ಬಿ ಲ್ಯಾಪ್‌ಟಾಪಿಗೆ, ಡ್ರೈವಿಗೆ ಬೇರೆ ಕರೆಂಟು. 5.25 ಇಂಚಿನದೂ, ಮ್ಯಾಕ್‌ನದೂ ಇದರಲ್ಲಿ ಸಾಗುತ್ತವೆ.

ನನ್ನ ಅಭಿಪ್ರಾಯ ಹೇಳುತ್ತೇನೆ. ಊರಿನ ಡಿಟಿಪಿ ಅಂಗಡಿಯ ಫ್ಲಾಪಿಗಳಲ್ಲಿ ಬಹುಪಾಲಿಗೆ ಸೆಕ್ಟರ್ ಇಮೇಜ್ ಧಾರಾಳ ಸಾಕು. ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಮೊದಲು ಸಲೀಸಾಗಿ ಬರುವ ಸೆಕ್ಟರ್‌ಗಳನ್ನೆಲ್ಲ ತೆಗೆದುಕೊಂಡು, ಆಮೇಲೆ ಹಟ ಮಾಡುವವುಗಳ ಹಿಂದೆ ಬೀಳುತ್ತದೆ. ಯಾವುದು ಬಂತು, ಯಾವುದು ಬರಲಿಲ್ಲ ಎಂಬ ನಕ್ಷೆಯನ್ನು ಬರೆದಿಡುತ್ತದೆ. ಅದೇ ನಕ್ಷೆ ಇಟ್ಟುಕೊಂಡು ಅದೇ ಫ್ಲಾಪಿಯನ್ನು ಇನ್ನೊಂದು ಡ್ರೈವಿಗೆ ಹಾಕಿದರೆ, ಉಳಿದ ತೂತುಗಳನ್ನಷ್ಟೇ ತುಂಬಲು ನೋಡುತ್ತದೆ. ಡ್ರೈವ್‌ನಿಂದ ಡ್ರೈವ್‌ಗೆ ಹೆಡ್ಡಿನ ನಿಲುವಿನಲ್ಲಿ ಕೂದಲೆಳೆಯ ವ್ಯತ್ಯಾಸ ಇರುವುದರಿಂದ ಒಂದರಲ್ಲಿ ಓದದ್ದು ಇನ್ನೊಂದರಲ್ಲಿ ಓದುತ್ತದೆ. ನನಗೆ ಇದು ಕಣ್ಣಾರೆ ಕಂಡ ಸತ್ಯ. ಫ್ಲಕ್ಸ್ ಬೋರ್ಡನ್ನು ಮ್ಯಾಕ್ ಡಿಸ್ಕ್, ಗೊತ್ತಿಲ್ಲದ ಫಾರ್ಮ್ಯಾಟ್, ಮತ್ತು ಮೇಷ್ಟ್ರ ಸೋಬಾನೆಯಂಥ ಬೇರೆಲ್ಲೂ ಇಲ್ಲದ ಫ್ಲಾಪಿಗಳಿಗೆ ಮೀಸಲಿಡಬೇಕು.

ನಮ್ಮ ಸೀಮೆಯಲ್ಲಿ ಡಿಸ್ಕಿನ ಶತ್ರು ಕಾಲ ಒಂದೇ ಅಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಭದ್ರಾ ಕಾಲುವೆ, ಅಡಿಕೆ ತೋಟ, ತುಂಗಭದ್ರೆಯ ತಂಪು. ಅಟ್ಟದ ಮೇಲಿನ ಡಬ್ಬಿಯೊಳಗೆ ಬೂಷ್ಟು ಹಿಡಿಯಲು ಇನ್ನೇನು ಬೇಕು? ಮಳೆ ಕಡಿಮೆಯ ಜಗಳೂರಿನಲ್ಲಿ ಬೂಷ್ಟಿನ ಬದಲು ಧೂಳು. ನಾನು ಮೊದಲ ದಿನ ಆತುರಕ್ಕೆ ಬಿದ್ದು ನೋಡದೆ ಒಂದು ಫ್ಲಾಪಿ ಹಾಕಿದೆ. ಕರ್ ಎಂದು ಸದ್ದು ಬಂತು. ಹೊರಗೆ ತೆಗೆದು ಶಟರ್ ಸರಿಸಿ ನೋಡಿದರೆ ಕಂದು ತಟ್ಟೆಯ ಮೇಲೆ ಉಂಗುರದಂತೆ ಗೀರು. ಬೂಷ್ಟು ಹೆಡ್ಡಿಗೆ ಅಂಟಿ ಉಜ್ಜಿತ್ತು. ಹೆಡ್ಡು ಒರೆಸದೆ ಮುಂದಿನ ಫ್ಲಾಪಿಯನ್ನೂ ಹಾಕಿದ್ದರಿಂದ ಅದಕ್ಕೂ ಅದೇ ಗತಿಯಾಯಿತು. ಆ ಎರಡರಲ್ಲಿ ಏನಿತ್ತೋ ಇನ್ನು ತಿಳಿಯುವಂತಿಲ್ಲ. ಆ ನೋವಿನಿಂದಲೇ ಬರೆಯುತ್ತಿದ್ದೇನೆ: ಮೊದಲು ಶಟರ್ ಸರಿಸಿ, ನಡುವಿನ ಲೋಹದ ಬಿಲ್ಲೆಯನ್ನು ಬೆರಳಿನಿಂದ ತಿರುಗಿಸುತ್ತ, ಬೆಳಕಿಗೆ ಹಿಡಿದು ಎರಡೂ ಮಗ್ಗುಲು ನೋಡಿ. ಬಿಳಿ ಚುಕ್ಕೆ, ಎಳೆ, ಮಬ್ಬು ಕಂಡರೆ ಡ್ರೈವಿಗೆ ಹಾಕಬೇಡಿ. ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ನಾರು ಬಿಡದ ಬಟ್ಟೆಯಿಂದ ಒತ್ತದೆ ಒರೆಸಿ, ಪೂರ್ತಿ ಒಣಗಲು ಬಿಡಬೇಕು. 5.25 ಇಂಚಿನದಾದರೆ ಹೊದಿಕೆಯ ಅಂಚು ಕತ್ತರಿಸಿ ತಟ್ಟೆಯನ್ನು ಹೊರತೆಗೆದು, ಶುದ್ಧಗೊಳಿಸಿ, ಚೊಕ್ಕ ಹೊದಿಕೆಯಲ್ಲಿ ಕೂರಿಸಿ ಓದಿಸುವವರೂ ಇದ್ದಾರೆ. ಪ್ರತಿ ಫ್ಲಾಪಿಯ ನಂತರ ಹೆಡ್ಡನ್ನೂ ಒರೆಸಬೇಕು.

ಡಿಸ್ಕನ್ನು ಹೊರಗೆ ತೆಗೆಯದೆ, ಹಳೆಯ ಯಂತ್ರಕ್ಕೇ ಓದಲು ಹೇಳಿ ತಂತಿಯಲ್ಲಿ ದಾಟಿಸುವುದು ಇನ್ನೊಂದು ದಾರಿ. ಹಳೆಯ ಯಂತ್ರ ಇನ್ನೂ ಏಳುವಂತಿದ್ದರೆ ಇದಕ್ಕಿಂತ ನಂಬಿಕಸ್ತ ದಾರಿ ಇಲ್ಲ, ಏಕೆಂದರೆ ಆ ಡಿಸ್ಕ್ ಬರೆದ ಹೆಡ್ಡೇ ಅದನ್ನು ಓದುತ್ತದೆ. ಎರಡು ಕಂಪ್ಯೂಟರಿನ ಸೀರಿಯಲ್ ಪೋರ್ಟುಗಳನ್ನು ನಲ್ ಮೋಡೆಮ್ ಕೇಬಲ್‌ನಿಂದ ಜೋಡಿಸಿ, ಒಂದರಲ್ಲಿ ಕಳಿಸಬೇಕು, ಇನ್ನೊಂದರಲ್ಲಿ ಪಡೆಯಬೇಕು. ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ಬರೆದ ಎಕ್ಸ್‌ಮೋಡೆಮ್, 1981ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕರ್ಮಿಟ್ ಇಂದಿಗೂ ಈ ಕೆಲಸ ಮಾಡುತ್ತವೆ. ಎಕ್ಸ್‌ಮೋಡೆಮ್ 128 ಬೈಟುಗಳ ಪೊಟ್ಟಣ ಕಟ್ಟಿ, ಕೂಡಿಸಿದ ಲೆಕ್ಕವನ್ನು ಜೊತೆಗಿಟ್ಟು ಕಳಿಸುತ್ತದೆ. ಆ ಕಡೆ ಲೆಕ್ಕ ತಾಳೆಯಾಗದಿದ್ದರೆ ಅದೇ ಪೊಟ್ಟಣ ಮತ್ತೆ ಬರುತ್ತದೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು 1.44 ಎಂಬಿ ಇಮೇಜ್ ದಾಟಲು ಕಡಿಮೆಯೆಂದರೂ 25 ನಿಮಿಷ ಬೇಕು. ಆಪಲ್ 2 ಯಂತ್ರಗಳಿಗೆ ಎಡಿಟಿಪ್ರೊ ಎಂಬ ಸಾಧನವಿದೆ. ಸೀರಿಯಲ್ ಕಾರ್ಡ್ ಇಲ್ಲದಿದ್ದರೆ ಆಡಿಯೊ ಕೇಬಲ್‌ನಲ್ಲೇ ಡಿಸ್ಕ್ ಇಮೇಜನ್ನು ಸದ್ದಾಗಿ ದಾಟಿಸುತ್ತದೆ.

ಸದ್ದು ಎಂದಾಗ ಶಾಲೆಗಳ ನೆನಪಾಗುತ್ತದೆ. ಕೇಂದ್ರ ಸರ್ಕಾರ 1984ರಲ್ಲಿ ‘ಕ್ಲಾಸ್’ ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ ಕಂಪ್ಯೂಟರ್ ಕೊಡಲು ಶುರುಮಾಡಿತು. ಭಾವಗೀತೆ ಕೇಳುವ ಕ್ಯಾಸೆಟ್ಟಿನಂಥದೇ ಕ್ಯಾಸೆಟ್ಟಿನಲ್ಲೂ ಆ ಯಂತ್ರ ಪ್ರೋಗ್ರಾಂ ಉಳಿಸುತ್ತಿತ್ತು, 1200 ಮತ್ತು 2400 ಹರ್ಟ್ಜ್‌ನ ಎರಡು ಸ್ವರಗಳಲ್ಲಿ. ಅಂಥ ಕ್ಯಾಸೆಟ್ ಸಿಕ್ಕರೆ ಒಳ್ಳೆಯ ಟೇಪ್‌ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ಆಡಿಯೊ ಆಗಿಯೇ ರೆಕಾರ್ಡ್ ಮಾಡಿಕೊಳ್ಳಿ, ಎಂಪಿ3ಗೆ ಇಳಿಸಬೇಡಿ. ಆ ಸದ್ದಿನಿಂದ ಬೈಟುಗಳನ್ನು ಆಮೇಲೆ ಬಿಡಿಸಬಹುದು. ಯಾವುದೋ ಶಾಲೆಯ ಬೀರುವಿನಲ್ಲಿ ವಿದ್ಯಾರ್ಥಿಯೊಬ್ಬ ಬರೆದ ಮೊದಲ ಬೇಸಿಕ್ ಪ್ರೋಗ್ರಾಂ ಈಗಲೂ ಕೂತಿರಬಹುದು.

ಹಾರ್ಡ್ ಡಿಸ್ಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ತೀರ ಹಳೆಯ, ಕೆಲವೇ ನೂರು ಎಂಬಿಯ ಡಿಸ್ಕುಗಳನ್ನು ಅನೇಕ ಅಡಾಪ್ಟರ್‌ಗಳು ಗುರುತಿಸುವುದಿಲ್ಲ, ಅವಕ್ಕೆ ಹಳೆಯ ಪಿಸಿಯೇ ಬೇಕು. ಟಕ್ ಟಕ್ ಎಂದು ಬಡಿದುಕೊಂಡರೆ ಕೂಡಲೇ ಕರೆಂಟು ತೆಗೆಯಿರಿ.

ಫ್ಲಾಪಿಯಲ್ಲಿ ಅಡಗಿದ ಇನ್ನೊಂದು ಬಲೆ ಸರಣಿ ಬ್ಯಾಕಪ್. ಮಂಡಿಯ ವರ್ಷದ ಲೆಕ್ಕ ಒಂದು ಫ್ಲಾಪಿಗೆ ಹಿಡಿಸದಿದ್ದಾಗ ಪಿಕೆಜಿಪ್ಪೋ ಎಆರ್‌ಜೆಯೋ ಬಳಸಿ ಏಳೆಂಟು ಫ್ಲಾಪಿಗೆ ಹಂಚುತ್ತಿದ್ದರು. ಸರಣಿಯ ಮೂರನೆಯದು ಕೆಟ್ಟರೆ ಉಳಿದವೂ ಬಿಚ್ಚಲು ತಕರಾರು ಮಾಡುತ್ತವೆ. ಬೆಂಗಳೂರಿನದೇ ಕೂಸಾದ ಟ್ಯಾಲಿಯ ಹಳೆಯ ಆವೃತ್ತಿಯ ಲೆಕ್ಕಗಳು ಹೀಗೆ ಸಿಗುವುದುಂಟು. ಆದ್ದರಿಂದ ಡಬ್ಬಿಯಲ್ಲಿ ಫ್ಲಾಪಿಗಳಿದ್ದ ಕ್ರಮವನ್ನು ಕೆಡಿಸದೆ, ಮೊದಲು ಲೇಬಲ್ ಸಮೇತ ಫೋಟೊ ತೆಗೆದು, ನಂಬರ್ ಹಾಕಿ, ಅದೇ ನಂಬರನ್ನು ಇಮೇಜ್ ಫೈಲಿನ ಹೆಸರಿಗೂ ಕೊಡಬೇಕು.

ಇಷ್ಟೆಲ್ಲ ಆಗಿ ಬೈಟುಗಳು ಕೈಗೆ ಬಂದವು ಎನ್ನಿ. ಇಂಗ್ಲಿಷಿನವರ ಕೆಲಸ ಇಲ್ಲಿಗೆ ಮುಗಿಯುತ್ತದೆ. ಕನ್ನಡದವರ ಕೆಲಸ ಇಲ್ಲಿ ಅರ್ಧಕ್ಕೆ ಬಂದಿರುತ್ತದೆ. ಈ ವಿಷಯದ ಬಗ್ಗೆ ಹೊರಗಿನ ಜಗತ್ತಿನಲ್ಲಿ ಬರೆದವರಾರೂ ನಮಗಾಗಿ ಹೇಳದ ಮಾತು ಇದು, ನಾವೇ ಹೇಳಿಕೊಳ್ಳಬೇಕಾದದ್ದು.

ಮೇಷ್ಟ್ರ ಕಾಲಕ್ಕೂ ಅದರ ನಂತರ ಹತ್ತಾರು ವರ್ಷಕ್ಕೂ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಎಂದರೆ ನಿಜವಾಗಿ ಅಕ್ಷರವಲ್ಲ, ಅಕ್ಷರದ ಚಿತ್ರದ ತುಣುಕು. ಇಂಗ್ಲಿಷ್ ಅಕ್ಷರ, ಚಿಹ್ನೆಗಳ 256 ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ನುಡಿ ತಂತ್ರಾಂಶದಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಫಾಂಟ್ ಇಲ್ಲದ ಸಿಸ್ಟಂನಲ್ಲಿ ತೆರೆಯಿರಿ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಗೀಟಿನ ಎ. ಏಳು ತುಣುಕು ಸೇರಿ ಮೂರಕ್ಷರ. ಡಿಸ್ಕಿನಲ್ಲಿರುವುದು ಇದು. ಇಮೇಜ್ ನೂರಕ್ಕೆ ನೂರು ಸರಿಯಾಗಿ ಬಂದರೂ ಫಾಂಟ್ ಕಳೆದುಹೋಗಿದ್ದರೆ ಕೈಯಲ್ಲಿ ಉಳಿಯುವುದು ಗೋಜಲೇ.

ಅದೂ ಎಲ್ಲರದೂ ಒಂದೇ ಗೋಜಲಲ್ಲ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ತಂತ್ರಾಂಶದ ಮನೆಗಳ ಜೋಡಣೆ ಒಂದು, ಪ್ರಕಾಶಕದ್ದು ಇನ್ನೊಂದು, ಆಕೃತಿಯದು ಮತ್ತೊಂದು. ಕೆ.ಪಿ. ರಾಯರು ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ರೂಪಿಸಿದ ತಂತ್ರಾಂಶ, ಶೇಷಾದ್ರಿವಾಸು ಅವರು 1998ರಲ್ಲಿ ಬಿಡುಗಡೆ ಮಾಡಿದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವೆಲ್ಲ ಕನ್ನಡಿಗರ ಬೆರಳಿಗೆ ಕನ್ನಡ ಕಲಿಸಿದವು. ನುಡಿ ಮತ್ತು ಬರಹದ ಹಳೆಯ ಫಾಂಟುಗಳ ಜೋಡಣೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಆ ಕಾಲದ ಕಡತಗಳಿಗೆ ಪರಿವರ್ತಕಗಳು ಸುಲಭವಾಗಿ ಸಿಗುತ್ತವೆ. ಅದಕ್ಕೂ ಹಿಂದಿನ, ಅಂಗಡಿಗೊಂದು ಫಾಂಟ್ ಇದ್ದ ಕಾಲದ ಕಡತಗಳಿಗೆ ಹಾಗಿಲ್ಲ. ಫಾಂಟ್ ಫೈಲ್ ಇಟ್ಟುಕೊಂಡು ಮನೆ ಮನೆ ನೋಡಿ ಕೋಷ್ಟಕ ಕಟ್ಟಬೇಕು. ವಿಚಿತ್ರವೆಂದರೆ ಇನ್ನೂ ಹಳೆಯದಾದ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಬಳಸಿ ಡಾಸ್‌ನಲ್ಲಿ ಬರೆದ ಕನ್ನಡ ಸಲೀಸಾಗಿ ದಾಟುತ್ತದೆ. ಅದರಲ್ಲಿ ಬಳಸಿದ ಇಸ್ಕಿ ಸಂಕೇತ ಚಿತ್ರದ ತುಣುಕನ್ನಲ್ಲ, ಅಕ್ಷರವನ್ನೇ ಗುರುತಿಸುವಂಥದು. ಯುನಿಕೋಡ್ ಎಂಬ ಇಂದಿನ ಸಂಕೇತದ ಕನ್ನಡ ಭಾಗವೂ ಇಸ್ಕಿಯ ಮಾದರಿಯ ಮೇಲೇ ನಿಂತದ್ದು.

ಪರಿವರ್ತನೆಯಲ್ಲಿ ಕೈಕೊಡುವ ಜಾಗಗಳು ಗೊತ್ತಿರುವವೇ. ಅರ್ಕಾವೊತ್ತು ಹಳೆಯ ಫಾಂಟಿನಲ್ಲಿ ಅಕ್ಷರದ ನಂತರ ಬರುತ್ತದೆ. ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ‘ಧರ್ಮ’ದಂಥ ಪದದಲ್ಲಿ ಪರಿವರ್ತಕ ಹಿಂದಕ್ಕೆ ಹೋಗಿ ರಕಾರವನ್ನು ಎತ್ತಿ ಮುಂದೆ ಕೂರಿಸಬೇಕು. ದೀರ್ಘದ ಗುರುತು ಬೇರೆ ತುಣುಕಾಗಿರುವುದರಿಂದ ಅದನ್ನು ಹಿಂದಿನ ಸ್ವರಕ್ಕೆ ಬೆಸೆಯಬೇಕು. ನಡುವೆ ನಿಜವಾದ ಇಂಗ್ಲಿಷ್ ಪದ ಬಂದಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿ ತಿರುಗಿಬಿಡುತ್ತದೆ. ಯಾವ ಪದಕ್ಕೆ ಯಾವ ಫಾಂಟ್ ಹಾಕಿದೆ ಎಂಬ ಮಾಹಿತಿ ಮೂಲ ಕಡತದಲ್ಲಿರುತ್ತದೆ, ಬರೀ ಟೆಕ್ಸ್ಟ್ ಆಗಿ ಎಳೆದುಕೊಂಡರೆ ಅದು ಹೋಗುತ್ತದೆ. ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್‌ನ ಕಡತಗಳದ್ದು ಇನ್ನೊಂದು ತೊಡಕು. ಅಡೋಬಿಯ ಇನ್‌ಡಿಸೈನ್ ಸಿಎಸ್6 ಆವೃತ್ತಿಯವರೆಗೆ ಮಾತ್ರ ಅವನ್ನು ತೆರೆಯುತ್ತಿತ್ತು. ಹಾಗಾಗಿ ಹಳೆಯ ವಿಂಡೋಸ್ ಅನ್ನು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲೋ 86ಬಾಕ್ಸ್‌ನಲ್ಲೋ ಎಬ್ಬಿಸಿ, ಅದರೊಳಗೆ ಪೇಜ್‌ಮೇಕರ್ ಹಾಕಿ, ಫ್ಲಾಪಿಯ ಇಮೇಜನ್ನೇ ಎ ಡ್ರೈವ್ ಎಂದು ತೋರಿಸಿ ತೆರೆಯುವುದು ಉತ್ತಮ. ಇಮೇಜ್ ತೆಗೆದದ್ದರ ಲಾಭ ಇಲ್ಲಿ ಕಾಣುತ್ತದೆ: ಹಳೆಯ ತಂತ್ರಾಂಶಕ್ಕೆ ನಿಜವಾದ ಫ್ಲಾಪಿಗೂ ಇದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಒಂದು ಅಡ್ಡಿ ಮಾತ್ರ ಉಳಿಯುತ್ತದೆ. ಆಗಿನ ಹಲವು ಲಿಪಿ ತಂತ್ರಾಂಶಗಳು ಪ್ರಿಂಟರ್ ಪೋರ್ಟಿಗೆ ಚುಚ್ಚುವ ಲಾಕ್ ಇಲ್ಲದೆ ತೆರೆಯುತ್ತಿರಲಿಲ್ಲ. ಯಾವ ಪಡಿಯಚ್ಚೂ ಆ ಲಾಕನ್ನು ತರಲಾರದು. ನಿಮ್ಮ ಹಳೆಯ ಡ್ರಾಯರಿನಲ್ಲಿ ಅಂಥ ಪುಟ್ಟ ಪೆಟ್ಟಿಗೆ ಇದ್ದರೆ ಎಸೆಯಬೇಡಿ.

ಈ ದಾರಿ ಸಾಗಬಲ್ಲದು ಎನ್ನಲು ನಮ್ಮಲ್ಲೇ ಸಾಕ್ಷಿ ಇದೆ. ವಚನ ಸಂಚಯದ ಗೆಳೆಯರು ಸಮಗ್ರ ವಚನ ಸಂಪುಟಗಳ ಪಠ್ಯವನ್ನು ಯುನಿಕೋಡ್‌ಗೆ ತಂದು 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಪದ ಹುಡುಕುವಂತೆ ಮಾಡಿದರು. ನಮ್ಮ ಪಕ್ಕದ ಸಿರಿಗೆರೆಯ ತರಳಬಾಳು ಬೃಹನ್ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ಸೂತ್ರಗಳಿಗೆ ‘ಗಣಕಾಷ್ಟಾಧ್ಯಾಯಿ’ ತಂತ್ರಾಂಶವನ್ನೇ ರೂಪಿಸಿದವರು. ಹಳ್ಳಿಗಾಡಿನ ನಾಡಿಗೂ ಕಂಪ್ಯೂಟರಿಗೂ ದೂರ ಎಂದು ತಿಳಿದವರಿಗೆ ನಮ್ಮ ಸೀಮೆಯ ಈ ಚರಿತ್ರೆ ಗೊತ್ತಿಲ್ಲ. ಸರ್ಕಾರದ ಕಡೆಯಿಂದಲೂ ಒಂದು ಉದಾಹರಣೆ ಕೊಡಬಹುದು. ಭೂಮಿ ಯೋಜನೆಯಲ್ಲಿ ರಾಜ್ಯದ ತಾಲ್ಲೂಕು ಕಚೇರಿಗಳು ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ರೈತರ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸಿದವು. ಅವು ಯಂತ್ರದಿಂದ ಯಂತ್ರಕ್ಕೆ ದಾಟುತ್ತ ಇಂದಿಗೂ ಜೀವಂತ ಇವೆ, ಏಕೆಂದರೆ ದಾಟಿಸುವುದು ಯಾರದೋ ಹೊಣೆಯಾಗಿತ್ತು. ಸಂಘದ ಮಹಾಜನ ಸಭೆಯ ವರದಿ, ಶಾಲೆಯ ಸಂಚಿಕೆ, ಮೇಷ್ಟ್ರ ಹಾಡುಗಳಿಗೆ ಅಂಥ ಹೊಣೆಗಾರರಿಲ್ಲ.

ಇಂದಿನ ಕಂಪ್ಯೂಟರಿನಿಂದ ಹಳೆಯ ಯಂತ್ರಕ್ಕೆ ಮರಳುವ ದಾರಿಯನ್ನೂ ಹೇಳಬೇಕು, ಅದು ಹವ್ಯಾಸಿಗಳ ಗೀಳು ಮಾತ್ರವಲ್ಲ. ಕಾರ್ಖಾನೆಯ ಯಂತ್ರ ಮೂವತ್ತು ವರ್ಷ ದುಡಿಯುತ್ತದೆ, ಅದಕ್ಕೆ ಪ್ರೋಗ್ರಾಂ ಉಣಿಸುವ ಫ್ಲಾಪಿ ಡ್ರೈವ್ ಅಷ್ಟು ಬಾಳುವುದಿಲ್ಲ. ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳಿಗೆ ಹೆಸರಾಗಿದ್ದ ಹರಿಹರದ ಸುತ್ತಲಿನ ಕೆಲಸಗಾರರಿಗೆ ಒಳ್ಳೆಯ ಯಂತ್ರದ ಆಯುಸ್ಸು ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಕಸೂತಿ ಯಂತ್ರ, ಸಿಎನ್‌ಸಿ ಯಂತ್ರಗಳಲ್ಲಿ ಫ್ಲಾಪಿ ಡ್ರೈವಿನ ಜಾಗಕ್ಕೇ ಕೂರುವ ಗೋಟೆಕ್ ಎಂಬ ಪೆಟ್ಟಿಗೆ ಬಂದಿದೆ. ಮುಂದೆ ಪೆನ್ ಡ್ರೈವ್ ಚುಚ್ಚುವ ತೂತು, ಹಿಂದೆ ಅದೇ 34 ಪಿನ್ನು. ಪೆನ್ ಡ್ರೈವಿನಲ್ಲಿ ನೂರಾರು ಇಮೇಜ್ ಇಟ್ಟು ಗುಂಡಿ ಒತ್ತಿ ಆರಿಸಿದರೆ, ಯಂತ್ರ ಅದನ್ನೇ ಫ್ಲಾಪಿ ಎಂದು ನಂಬುತ್ತದೆ. ಗ್ರೀಸ್‌ವೀಸಲ್ ಮಾಡಿದ ಕೀರ್ ಫ್ರೇಸರ್ ಅವರೇ ಇದಕ್ಕೆ ಫ್ಲ್ಯಾಶ್‌ಫ್ಲಾಪಿ ಎಂಬ ಉಚಿತ ಫರ್ಮ್‌ವೇರ್ ಬರೆದಿದ್ದಾರೆ. ಅದನ್ನು ಹಾಕಿದರೆ ಪೆಟ್ಟಿಗೆಯ ಬಳಕೆ ಹತ್ತು ಪಾಲು ಹೆಚ್ಚುತ್ತದೆ. ಫ್ಲಾಪಿಯನ್ನು ನೆಚ್ಚಿಕೊಂಡವರು ಕಾರ್ಖಾನೆಯವರಷ್ಟೇ ಅಲ್ಲ: ಬೋಯಿಂಗ್ 747-400 ವಿಮಾನಕ್ಕೆ ದಾರಿಯ ಮಾಹಿತಿಯನ್ನು ಫ್ಲಾಪಿಯಲ್ಲೇ ತುಂಬುತ್ತಿದ್ದರು. ಸರ್ಕಾರಿ ಅರ್ಜಿಗಳಿಗೆ ಫ್ಲಾಪಿ ಬೇಕೆನ್ನುವ ನಿಯಮಗಳನ್ನು ಜಪಾನ್ ಕೈಬಿಟ್ಟದ್ದು 2024ರಲ್ಲಿ.

ವೈರಸ್ ಬಗ್ಗೆ ಒಂದು ಮಾತು. 1990ರ ಸುಮಾರಿಗೆ ನಮ್ಮ ದೇಶದಿಂದಲೇ ಹಬ್ಬಿದ ‘ಜೋಶಿ’ ವೈರಸ್ ಫ್ಲಾಪಿಯ ಮೊದಲ ಸೆಕ್ಟರಿನಲ್ಲಿ ಕೂತು, ಜನವರಿ 5ರಂದು ಜೋಶಿಗೆ ಹುಟ್ಟುಹಬ್ಬದ ಶುಭಾಶಯ ಟೈಪ್ ಮಾಡುವವರೆಗೆ ಕೆಲಸ ಮಾಡಲು ಬಿಡುತ್ತಿರಲಿಲ್ಲ. ಇಮೇಜ್ ತೆಗೆದರೆ ಅಂಥವೂ ಜೊತೆಗೆ ಬರುತ್ತವೆ. ಮೂಲ ಇಮೇಜನ್ನು ಶುದ್ಧ ಮಾಡಲು ಹೋಗಬೇಡಿ, ಇದ್ದಂತೆ ಇರಲಿ. ಹಳೆಯ ಯಂತ್ರಕ್ಕೆ ಬರೆಯುವ ನಕಲನ್ನಷ್ಟೇ ಶುದ್ಧಗೊಳಿಸಿ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಪ್ರಶ್ನೆ. ಡಿಟಿಪಿ ಅಂಗಡಿಯ ಫ್ಲಾಪಿಯಲ್ಲಿರುವುದು ಅಂಗಡಿಯವನ ಸ್ವತ್ತಲ್ಲ, ಊರಿನವರದು. ಯಾರದೋ ಜಮೀನಿನ ಕರಾರು, ಯಾರದೋ ಮನೆಯ ವಿಭಾಗ ಪತ್ರದ ಕರಡು, ಸಾಲದ ಲೆಕ್ಕ. ಅವನ್ನು ಎಲ್ಲರಿಗೂ ತೆರೆದಿಡುವ ಹಕ್ಕು ನಮಗಿಲ್ಲ. ಚಿಕ್ಕಪ್ಪ ಒಂದೊಂದಾಗಿ ನೋಡಿ ವಿಂಗಡಿಸಿದರು: ಖಾಸಗಿಯವು ಮನೆಯಲ್ಲೇ, ಸಂಬಂಧಪಟ್ಟವರು ಕೇಳಿದರೆ ಅವರಿಗೆ, ಶಾಲೆ, ಜಾತ್ರೆ, ಸಂಘ, ಹಾಡು, ನಾಟಕದ ಕರಪತ್ರ ಊರಿಗೆ. ಪ್ರತಿ ಇಮೇಜಿಗೂ ಎಸ್‌ಎಚ್‌ಎ-256 ಮೊತ್ತ ತೆಗೆದು ಪಟ್ಟಿ ಮಾಡಿದೆವು. ಮುಂದೆ ಯಾವ ವರ್ಷ ಮತ್ತೆ ಲೆಕ್ಕ ಹಾಕಿದರೂ ಅದೇ ಮೊತ್ತ ಬಂದರೆ ಒಂದು ಬಿಟ್ಟೂ ಕೆಟ್ಟಿಲ್ಲ ಎಂದರ್ಥ. ಮೂರು ಪ್ರತಿ, ಮೂರು ಜಾಗ, ಅದರಲ್ಲಿ ಒಂದು ಊರಿನ ಹೊರಗೆ. ಹಳೆಯ ಫಾಂಟುಗಳನ್ನೂ ಅದೇ ಫೋಲ್ಡರಿನಲ್ಲಿ ಇಟ್ಟಿದ್ದೇವೆ.

ಸೋಬಾನೆಯ ಫ್ಲಾಪಿ ಮೊದಲ ಡ್ರೈವಿನಲ್ಲಿ ಏಳಲೇ ಇಲ್ಲ. ಎರಡನೆಯದರಲ್ಲಿ ಅರ್ಧ ಬಂತು. ಫ್ಲಕ್ಸ್ ಬೋರ್ಡಿನಿಂದ ಹಲವು ಸುತ್ತು ಓದಿಸಿದ ಮೇಲೆ ನಾಲ್ಕು ಸೆಕ್ಟರ್ ಬಿಟ್ಟು ಎಲ್ಲ ಸಿಕ್ಕಿತು. ಫಾಂಟ್ ಚಿಕ್ಕಪ್ಪನ ಇನ್ನೊಂದು ಫ್ಲಾಪಿಯಲ್ಲಿತ್ತು. ಒಂದು ಹಾಡಿನ ಕೊನೆ, ಇನ್ನೊಂದರ ನಡುವಿನ ಕೆಲವು ಸಾಲು ಹೋಗಿವೆ. ಮಿಕ್ಕದ್ದನ್ನು ಪ್ರಿಂಟ್ ತೆಗೆದು ಮೇಷ್ಟ್ರ ಮಗಳಿಗೆ ಕೊಟ್ಟೆವು. ಹೋದ ಸಾಲುಗಳಲ್ಲಿ ಎರಡನ್ನು ಅವರ ಅತ್ತೆ ನೆನಪಿನಿಂದ ಹೇಳಿದರು.

ನಿಮ್ಮ ಮನೆಯ ಅಟ್ಟದಲ್ಲೋ, ಮುಚ್ಚಿದ ಪ್ರೆಸ್ಸಿನಲ್ಲೋ, ಶಾಲೆಯ ಬೀರುವಿನಲ್ಲೋ ಇಂಥ ಡಬ್ಬಿ ಇದ್ದರೆ ಗುಜರಿಗೆ ಹಾಕಬೇಡಿ. ಹಾಗೆಯೇ ಯಾವ ಡ್ರೈವಿಗೂ ತುರುಕಬೇಡಿ. 3.5 ಇಂಚಿನದರ ಬೀಗದ ತೂತು ತೆರೆದು, 5.25 ಇಂಚಿನದರ ಕಚ್ಚು ಮುಚ್ಚಿ, ಲೇಬಲ್‌ಗಳ ಫೋಟೊ ತೆಗೆದು, ಒಣಗಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಊರಿನಲ್ಲಿ ಯಾರ ಹತ್ತಿರ ಇನ್ನೂ ಓಡುವ ಹಳೆಯ ಸಿಸ್ಟಂ ಇದೆ, ಯಾರ ಹತ್ತಿರ ಹಳೆಯ ಕನ್ನಡ ಫಾಂಟುಗಳಿವೆ ಎಂದು ಈ ಮಳೆಗಾಲ ಹಿಡಿಯುವ ಮೊದಲೇ ವಿಚಾರಿಸಿ.